ಇಬ್ಬರಿಗೆ ಒಂದು ಚೀಲ

ನರಸಿಂಹರಾಜಪುರ
೧೮ ಜನವರಿ ೨೦೦೫

ಪೂಜ್ಯ ದಾಕ್ಷಾಯಣಮ್ಮನವರಿಗೆ,

ಸಂಪದಾ ಮಾಡುವ ನಮಸ್ಕಾರಗಳು. ಹೆಸರು ಹೇಳಿದರೆ ನಿಮಗೆ ಗುರುತು ಸಿಗಲಿಕ್ಕಿಲ್ಲ. ಹೋದ ವಾರ ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ, ಹೆಂಗಸರ ವಾರ್ಡಿನ ಬಾಗಿಲಲ್ಲಿ ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ವಾಚ್‌ಮನ್ನಿನಿಂದ ಬೈಸಿಕೊಳ್ಳುತ್ತಿದ್ದವಳು ಎಂದರೆ ನೆನಪಾದೀತು. "ಇದೆಂತ ಮದುವೆ ದಿಬ್ಬಣವಾ?" ಎಂದು ಅವನು ಕೂಗಾಡುತ್ತಿದ್ದಾಗ ಎದುರಿನ ಗಂಡಸರ ವಾರ್ಡಿನಿಂದ ನೀವು ಬಂದಿರಿ. "ಸುಮ್ನಿರು ಮಾರಾಯ, ಕೂಸು ಮೊದಲ ಸಲ ಬಂದಿದೆ, ಅದಕ್ಕೆಂತ ಗೊತ್ತು" ಎಂದಿರಿ. ಆ ಮಾತು ಕೇಳಿ ನನಗೆ ಅಲ್ಲೇ ಅಳು ಬಂದುಬಿಟ್ಟಿತು.

ನನ್ನ ಸೂಟ್‌ಕೇಸನ್ನು ಕ್ಯಾಂಟೀನಿನವರ ಹತ್ತಿರ ಇಡಿಸಿ, ನಿಮ್ಮ ಚೀಲದಿಂದಲೇ ಒಂದು ಹಳೆಯ ಸೀರೆ, ಒಂದು ಮುಚ್ಚಳದ ಬಟ್ಟಲು ತೆಗೆದುಕೊಟ್ಟಿರಿ. ಅತ್ತೆಗೆ ಔಷಧಿ ಏರಿಸಿದ ಮೇಲೆ ವಾಂತಿ ಶುರುವಾದಾಗ ಕೆಲಸಕ್ಕೆ ಬಂದದ್ದು ಅವೆರಡೇ. ನಾನು ಹೊತ್ತು ತಂದದ್ದು ಇಸ್ತ್ರಿ ಮಾಡಿದ ಸೀರೆಗಳು, ಕಂಬಳಿಯಂಥ ಟರ್ಕಿ ಟವೆಲ್ಲು, ಬಸ್ಸಿನಲ್ಲೇ ಒಡೆದುಹೋದ ಗಾಜಿನ ಫ್ಲಾಸ್ಕು. ಬೆಳಿಗ್ಗೆ ನಿಮ್ಮನ್ನು ಹುಡುಕಿದರೆ ನೀವು ಆಗಲೇ ಹೊರಟಿದ್ದಿರಿ. ಮಾತ್ರೆಯ ಕವರಿನ ಹಿಂದೆ ನೀವು ಬರೆದುಕೊಟ್ಟ ವಿಳಾಸ ನೋಡಿ ಇದನ್ನು ಬರೆಯುತ್ತಿದ್ದೇನೆ.

ಇನ್ನು ಆರು ತಿಂಗಳು, ಮೂರು ವಾರಕ್ಕೊಮ್ಮೆ ಅತ್ತೆಯನ್ನು ಕರೆದುಕೊಂಡು ಹೋಗಿಬರಬೇಕಂತೆ. ನನ್ನ ಯಜಮಾನರಿಗೆ ಆಸ್ಪತ್ರೆಯ ವಾಸನೆಗೇ ತಲೆ ತಿರುಗುತ್ತದೆ, ಅಂಗಡಿಯೂ ಇದೆ. ಹೀಗಾಗಿ ನಾನೇ. ಒಂದು ಕೈಯಲ್ಲಿ ಅತ್ತೆ, ಇನ್ನೊಂದು ಕೈಯಲ್ಲಿ ಸಾಮಾನು. ನೀವು ಇಬ್ಬರ ಸಾಮಾನನ್ನು ಒಂದೇ ಹೆಗಲಚೀಲದಲ್ಲಿ ಹೇಗೆ ಹಿಡಿಸುತ್ತೀರಿ? ನಮ್ಮಲ್ಲಿ ಫೋನಿದೆ, ಆದರೆ ಅದು ಜಗಲಿಯಲ್ಲಿದೆ. ಆಡಿದ ಮಾತು ಮನೆಗೆಲ್ಲ ಕೇಳುತ್ತದೆ. ದಯವಿಟ್ಟು ಪತ್ರ ಬರೆಯಿರಿ.

ಇತಿ, ನಿಮ್ಮ
ಸಂಪದಾ


ಶೃಂಗೇರಿ
೨೭ ಜನವರಿ ೨೦೦೫

ಚಿ. ಸೌ. ಸಂಪದಾಳಿಗೆ ಆಶೀರ್ವಾದ.

ನಿನ್ನ ನೆನಪಿಲ್ಲದೆ ಉಂಟೇ! ಆ ಸೂಟ್‌ಕೇಸನ್ನು ಮರೆಯಲು ಸಾಧ್ಯವೇ?

ನಾವಿರುವುದು ಒಂದು ಲಾಡ್ಜಿನ ಹಿಂದಿನ ಎರಡು ಕೋಣೆಗಳಲ್ಲಿ. ಇವರು, ಎಂದರೆ ನಮ್ಮ ಯಜಮಾನರು ತ್ರ್ಯಂಬಕ, ಅದರ ಮ್ಯಾನೇಜರು. ಮಕ್ಕಳಿಲ್ಲ. ಮದುವೆಯಾಗಿ ಬಂದಾಗಿನಿಂದ ಯಾತ್ರಿಗಳು ಚೀಲ ಬಿಚ್ಚುವುದನ್ನೂ ಕಟ್ಟುವುದನ್ನೂ ನೋಡುತ್ತಿದ್ದೇನೆ. ನಾನು ಮಾತ್ರ ಎಲ್ಲಿಗೂ ಹೋದವಳಲ್ಲ. ಲಾಡ್ಜು ಬಿಟ್ಟು ಹೋಗುವುದು ಹೇಗೆ ಎಂದು ಇವರು, ಇವರನ್ನು ಬಿಟ್ಟು ಹೋಗುವುದು ಹೇಗೆ ಎಂದು ನಾನು. ಈಗ ಇವರಿಗೆ ಕಾಯಿಲೆ ಬಂದು ಇಬ್ಬರನ್ನೂ ತಿರುಗಾಡಿಸುತ್ತಿದೆ.

ಒಂದು ಸಾಮಾನು ಒಂದೇ ಕೆಲಸಕ್ಕೆ ಬರುವುದಾದರೆ ಅದನ್ನು ಮನೆಯಲ್ಲೇ ಬಿಡು. ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆ ಒಂದಿದ್ದರೆ ಹಾಸಬಹುದು, ಹೊದೆಯಬಹುದು, ಮಡಚಿದರೆ ದಿಂಬು, ಎರಡು ಮಂಚಕ್ಕೆ ಕಟ್ಟಿದರೆ ಬಟ್ಟೆ ಬದಲಿಸಲು ಮರೆ. ಟರ್ಕಿ ಟವೆಲ್ಲು ಅಲ್ಲಿನ ಸೆಕೆಯಲ್ಲೂ ಒಣಗುವುದಿಲ್ಲ, ಚೀಲವನ್ನೆಲ್ಲ ನಾರಿಸುತ್ತದೆ. ಮೈ ಒರೆಸಲು ತೆಳ್ಳಗಿನ ಬೈರಾಸ ಸಾಕು. ಫ್ಲಾಸ್ಕು ಸ್ಟೀಲಿನದೇ ಆಗಲಿ, ಚಿಕ್ಕದು. ಬಟ್ಟಲಿನ ಮುಚ್ಚಳ ತಿರುಗಿಸಿ ಬಿಗಿಯುವಂತಿರಲಿ. ಫೋಟೋ ಸ್ಟುಡಿಯೋದಲ್ಲಿ ರೀಲಿನ ಖಾಲಿ ಡಬ್ಬಿಗಳನ್ನು ಎಸೆಯುತ್ತಾರೆ, ಕೇಳಿದರೆ ಸುಮ್ಮನೆ ಕೊಡುತ್ತಾರೆ. ಉಪ್ಪು, ನಿಂಬೆ ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ, ಎಲ್ಲಕ್ಕೂ ಅದೇ. ಒಂದು ತೊಟ್ಟು ಸೋರುವುದಿಲ್ಲ. ಇಲ್ಲಿ ದೇವಸ್ಥಾನದ ಎದುರಿನ ಅಂಗಡಿಯಲ್ಲಿ ಮಡಚುವ ಪ್ಲಾಸ್ಟಿಕ್ ಲೋಟ ಮಾರುತ್ತಾರೆ. ಒತ್ತಿದರೆ ಬಿಸ್ಕತ್ತಿನಷ್ಟು. ನೋಡಲು ಬಲು ಚೆಂದ. ಬಿಸಿನೀರು ಹಾಕಿದೆಯೋ, ಎಲ್ಲ ಮಡಿಲಿಗೆ. ಅದನ್ನು ಮಾತ್ರ ನಂಬಬೇಡ.

"ಎಲ್ಲ ಬರೆದೆ, ನನ್ನ ರೇಡಿಯೋ ಬರೀಲಿಲ್ಲ" ಎಂದು ಇವರು ಪಕ್ಕದಿಂದ ಹೇಳುತ್ತಿದ್ದಾರೆ. ಅಂಗೈ ಅಗಲದ ಒಂದು ರೇಡಿಯೋ ಇದೆ. ಅದು ಒಂದೇ ಕೆಲಸಕ್ಕೆ ಬರುವ ಸಾಮಾನು. ಆ ಒಂದು ವಿಷಯದಲ್ಲಿ ನನ್ನ ಮಾತು ನಡೆಯುವುದಿಲ್ಲ.

ನಮಗೂ ಮೂರು ವಾರಕ್ಕೊಮ್ಮೆಯೇ. ಆದರೆ ಅವತ್ತು ನಾವು ಬಂದದ್ದು ಬರೀ ಪರೀಕ್ಷೆಗೆ. ನಿಮ್ಮ ಸರದಿ ಬೇರೆ, ನಮ್ಮ ಸರದಿ ಬೇರೆ. ಅಲ್ಲಿ ಸಿಗುವುದು ಕಷ್ಟ. ಬರೆಯುತ್ತಿರು.

ಇತಿ, ಶುಭ ಕೋರುವ
ದಾಕ್ಷಾಯಣಮ್ಮ


ನರಸಿಂಹರಾಜಪುರ
೨೦ ಫೆಬ್ರವರಿ ೨೦೦೫

ಪೂಜ್ಯರಿಗೆ ನಮಸ್ಕಾರ.

ಈ ಸಲ ಒಂದೇ ಚೀಲ! ವಾಚ್‌ಮನ್ ನನ್ನ ಗುರುತೇ ಹಿಡಿಯದೆ ಒಳಗೆ ಬಿಟ್ಟ.

ಹತ್ತಿ ಸೀರೆಗೆ ಮಾತ್ರ ಕಷ್ಟವಾಯಿತು. ನನ್ನ ಹತ್ತಿರ ಇರುವುದೆಲ್ಲ ಮದುವೆಯಲ್ಲಿ ಕೊಟ್ಟ ಹೊಸವು. ಹೆದರಿಕೊಂಡೇ ಅತ್ತೆಯನ್ನು ಕೇಳಿದೆ. ನಾನು ಈ ಮನೆಗೆ ಬಂದು ಮೂರು ವರ್ಷವಾಯಿತು, ಅವರು ನನ್ನೊಡನೆ ಬೇಕಾದಷ್ಟೇ ಮಾತಾಡುವುದು. ಪೆಟ್ಟಿಗೆಯ ಅಡಿಯಿಂದ ಬಿಳಿಚಿಹೋದ ಹಸಿರು ಸೀರೆಯೊಂದನ್ನು ತೆಗೆದರು. "ಯಜ್ಞೇಶ ಹುಟ್ಟಿದಾಗ ತವರಲ್ಲಿ ಕೊಟ್ಟಿದ್ದು. ಹಾಸೋದಕ್ಕೆ ಮಾತ್ರ, ಗಲೀಜು ಮಾಡ್ಬೇಡ" ಎಂದರು. ಯಜ್ಞೇಶ ಎಂದರೆ ನನ್ನ ಯಜಮಾನರು.

ಅಲ್ಲಿ ವಾಂತಿ ನಿಲ್ಲದೇ ಹೋದಾಗ ಒರೆಸಲು ಬಟ್ಟೆಯೆಲ್ಲ ಮುಗಿಯಿತು. ನಾನು ನನ್ನ ಸೆರಗು ಹಿಡಿದೆ. ಅತ್ತೆ ನನ್ನ ಕೈಯನ್ನು ದೂಡಿ, ತಾವೇ ಆ ಹಸಿರು ಸೀರೆಯ ಅಂಚನ್ನು ಹಲ್ಲಿಗೆ ಕಚ್ಚಿ, "ಹಿಡ್ಕೋ ಆ ಕಡೆ" ಎಂದು ಪರ್ರನೆ ಹರಿದರು. ಆಮೇಲೆ ಕಣ್ಣು ಮುಚ್ಚಿಕೊಂಡೇ, "ಇದೆಲ್ಲ ಯಾರು ಹೇಳ್ಕೊಟ್ರು ನಿಂಗೆ?" ಎಂದು ಕೇಳಿದರು. ನಿಮ್ಮ ವಿಷಯ ಹೇಳಿದೆ. ಬೆಳಗಿನವರೆಗೂ ನಾವಿಬ್ಬರೂ ಮಾತಾಡಿದೆವು.

ನಿಮ್ಮ ಯಜಮಾನರು ಹೇಗಿದ್ದಾರೆ? ರೇಡಿಯೋ ಹೇಗಿದೆ?

ನಿಮ್ಮ
ಸಂಪದಾ


ಶೃಂಗೇರಿ
೬ ಮಾರ್ಚ್ ೨೦೦೫

ಪ್ರೀತಿಯ ಸಂಪದಾ,

ನಿನ್ನ ಪತ್ರವನ್ನು ಇವರಿಗೆ ಎರಡು ಸಲ ಓದಿ ಹೇಳಿದೆ. ಸೀರೆ ಹರಿದ ಮಾತು ಬಂದಾಗ ನಕ್ಕರು. ಈಚೆಗೆ ನಗುವುದು ಕಡಿಮೆ, ನಕ್ಕರೆ ಕೆಮ್ಮು ಬರುತ್ತದೆ.

ಬಸ್ಸಿನಲ್ಲಿ ಇವರಿಗೆ ಕಿಟಕಿಯೇ ಆಗಬೇಕು. ಕಂಡಕ್ಟರ್ ಬಂದರೆ ಎರಡು ಎಂದು ನಾನು ಬೆರಳು ತೋರಿಸುತ್ತೇನೆ. ಇವರು ತಿರುಗಿಯೂ ನೋಡುವುದಿಲ್ಲ, ಆಗುಂಬೆಯ ತಿರುವಿನಲ್ಲಿ ಎಲ್ಲರೂ ಕಣ್ಣು ಮುಚ್ಚಿಕೊಂಡರೂ ಇವರು ಚಿಕ್ಕ ಮಕ್ಕಳಂತೆ ಕೆಳಗೆ ನೋಡುತ್ತಾರೆ. ಹೋದ ಸಲ ಹೇಳಿದರು: "ಲಾಡ್ಜಿಗೆ ಬಂದೋರೆಲ್ಲ ಕನ್ಯಾಕುಮಾರಿ ಕನ್ಯಾಕುಮಾರಿ ಅಂತಿದ್ರಲ್ಲ, ಇದು ಮುಗಿದ ಮೇಲೆ ನಾವೂ ಹೋಗಣ ಮಾರಾಯ್ತಿ. ಹ್ಯಾಗೂ ಚೀಲ ಕಟ್ಟೋದು ಕಲ್ತಾಯ್ತಲ್ಲ."

ಹೌದು ಎಂದೆ. ಮನೆಗೆ ಬಂದು, ಅಷ್ಟು ದೂರಕ್ಕಾದರೆ ಯಾವುದನ್ನು ಬಿಡಬೇಕು, ಯಾವುದನ್ನು ಸೇರಿಸಬೇಕು ಎಂದು ಯೋಚಿಸಿಯೇ ಯೋಚಿಸಿದೆ. ಗಾಳಿ ಊದುವ ದಿಂಬು ಒಂದನ್ನು ನೋಡಿಟ್ಟಿದ್ದೇನೆ. ಗಾಳಿ ತೆಗೆದರೆ ಕರ್ಚೀಫಿನಷ್ಟು. ಆಸ್ಪತ್ರೆಗಾದರೆ ಬೇಡ, ಕನ್ಯಾಕುಮಾರಿಗಾದರೆ ಇರಲಿ.

ದಾಕ್ಷಾಯಣಮ್ಮ


ನರಸಿಂಹರಾಜಪುರ
೨೫ ಮಾರ್ಚ್ ೨೦೦೫

ಪೂಜ್ಯರಿಗೆ,

ಇದರ ಜೊತೆ ಬಟ್ಟೆಯ ಒಂದು ಸುರುಳಿ ಕಳಿಸಿದ್ದೇನೆ. ಬಿಡಿಸಿದರೆ ಸಾಲಾಗಿ ಜೇಬುಗಳಿವೆ: ಬ್ರಷ್ಷು, ಬಾಚಣಿಗೆ, ಮಾತ್ರೆ, ಕನ್ನಡಕ, ಏನು ಬೇಕಾದರೂ ಇಡಬಹುದು. ಸುತ್ತಿ ದಾರ ಕಟ್ಟಿದರೆ ಚಕ್ಕುಲಿ ಒರಳಿನಷ್ಟೇ ದಪ್ಪ. ಮಂಚದ ಸರಳಿಗೆ ನೇತುಹಾಕಲೂ ಬರುತ್ತದೆ. ಅತ್ತೆಯ ಹಳೆಯ ಹೊಲಿಗೆ ಮಿಷನ್ನಿನಲ್ಲಿ ಎರಡು ಹೊಲಿದೆ, ಒಂದು ನಮಗೆ, ಒಂದು ನಿಮಗೆ. ನಿಮ್ಮದರಲ್ಲಿ ರೇಡಿಯೋಕ್ಕೂ ಜೇಬಿದೆ ಎಂದು ಅವರಿಗೆ ಹೇಳಿ.

ಅತ್ತೆಯ ಕೂದಲೆಲ್ಲ ಹೋಯಿತು. ಮೊನ್ನೆ ಚೀಲ ಕಟ್ಟುವಾಗ ಅವರಿಗೆ ಕಾಣದ ಹಾಗೆ ಬಾಚಣಿಗೆಯನ್ನು ಹೊರಗೆ ತೆಗೆದಿಟ್ಟೆ. ಕಂಡುಬಿಟ್ಟರು. "ಅದೊಂದು ಭಾರ ಕಡಿಮೆ ಆಯ್ತಲ್ಲ" ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರೇ ನಕ್ಕರು.

ನಿಮ್ಮ
ಸಂಪದಾ


ಶೃಂಗೇರಿ
೩೦ ಏಪ್ರಿಲ್ ೨೦೦೫

ಪ್ರೀತಿಯ ಸಂಪದಾ,

ಸುರುಳಿ ತಲುಪಿತು. ಹೊಲಿಗೆ ಬಹಳ ಚೊಕ್ಕವಾಗಿದೆ. ಉತ್ತರ ತಡವಾಯಿತು, ಬೇಸರಿಸಬೇಡ.

ಇನ್ನು ಮಳೆ ಹಿಡಿಯುತ್ತದೆ. ಚೀಲದೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಕವರು ಹಾಕಿ ಅದರೊಳಗೆ ಬಟ್ಟೆ ಇಡು. ಮಡಚುವ ಕೊಡೆ ಘಟ್ಟದ ಗಾಳಿಗೆ ತಿರುಚಿಕೊಳ್ಳುತ್ತದೆ. ಅತ್ತೆಗೆ ತಲೆಯ ಮೇಲಿಂದ ಹಾಕುವ ತೆಳು ರೇನ್‌ಕೋಟೇ ಒಳ್ಳೆಯದು.

ಇನ್ನೊಂದು ಮಾತು. ಲಕೋಟೆಯ ಮೇಲೆ ನೀನು 'ಸೌ. ದಾಕ್ಷಾಯಣಮ್ಮ' ಎಂದು ಬರೆಯುತ್ತೀಯಲ್ಲ, ಬರೀ ದಾಕ್ಷಾಯಣಮ್ಮ ಎಂದರೆ ಸಾಕು. ಅಂಚೆಯವರಿಗೆ ನನ್ನ ಗುರುತಿದೆ.

ದಾಕ್ಷಾಯಣಮ್ಮ


ನರಸಿಂಹರಾಜಪುರ
೧೬ ಮೇ ೨೦೦೫

ಪೂಜ್ಯರಿಗೆ,

ನಿಮ್ಮ ಪತ್ರ ಎಷ್ಟು ಚಿಕ್ಕದು! ಅವರು ಹೇಗಿದ್ದಾರೆ ಎಂದೇ ಬರೆಯಲಿಲ್ಲ. ಸುರುಳಿಯನ್ನು ನೋಡಿ ಏನೆಂದರು?

ಈ ಸಲ ನಮಗೆ ತುಂಬಾ ಕಷ್ಟವಾಯಿತು. ಅತ್ತೆಗೆ ಜ್ವರ ಬಂದು ವಾರವಿಡೀ ಅಲ್ಲೇ ಉಳಿದೆವು. ಪಕ್ಕದ ಮಂಚದವರು ತೀರಿಕೊಂಡರು. ಅದನ್ನು ನೋಡಿದ ಮೇಲೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದವರು ಮಾತೇ ಆಡಲಿಲ್ಲ. ಮನೆಗೆ ಫೋನ್ ಮಾಡಿದರೆ ಯಜಮಾನರು "ಹೂಂ" ಎನ್ನುತ್ತಾರೆ, ಅಷ್ಟೇ. ಅವರಿಗೂ ಹೆದರಿಕೆ ಎಂದು ನನಗೆ ಗೊತ್ತು. ಆದರೆ ನನಗೂ ಒಬ್ಬರು ಬೇಡವೇ?

"ನಿನ್ನ ಲಾಡ್ಜಿನಮ್ಮನ ಗಂಡ ಹ್ಯಾಗಿದ್ದಾರಂತೆ?" ಎಂದು ಅತ್ತೆ ಕೇಳಿದ್ದೇ ಮೊದಲ ಮಾತು. "ಚೆನ್ನಾಗಿದ್ದಾರೆ, ಕನ್ಯಾಕುಮಾರಿಗೆ ಹೋಗ್ತಾರಂತೆ" ಎಂದೆ. ಎದ್ದು ಕೂತು ಗಂಜಿ ಕುಡಿದರು. ನೀವೂ ನಮ್ಮ ಹಾಗೆಯೇ ಹೋಗಿಬರುತ್ತಿದ್ದೀರಿ ಎನ್ನುವುದೊಂದೇ ನಮಗೆ ಧೈರ್ಯ. ನಿಮ್ಮ ಮುಂದಿನ ಸರದಿ ಯಾವಾಗ?

ಸಂಪದಾ


ಶೃಂಗೇರಿ
೨೮ ಮೇ ೨೦೦೫

ಪ್ರೀತಿಯ ಸಂಪದಾ,

ಇವರು ಇದ್ದ ಹಾಗೇ ಇದ್ದಾರೆ. ನೋವಿಲ್ಲ. ನಮ್ಮ ಸರದಿ ಜೂನ್ ಎರಡನೆಯ ವಾರ.

ಅತ್ತೆಗೆ ಜ್ವರ ಬಂದುಹೋದದ್ದು ಒಳ್ಳೆಯದೇ ಆಯಿತು ಎಂದುಕೋ, ಬಂದದ್ದು ಹೋಯಿತಲ್ಲ. ನಿನಗೆ ಅಳು ಬಂದರೆ ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತುಬಿಡು, ಮುಖ ತೊಳೆದು ಬಾ. ನಾನು ಹಾಗೆಯೇ ಮಾಡುವುದು. ರೀಲಿನ ಡಬ್ಬಿಯೊಂದರಲ್ಲಿ ಹುರಿದ ಜೀರಿಗೆ, ಸ್ವಲ್ಪ ಸಕ್ಕರೆ ಇಟ್ಟುಕೋ. ಅದು ಅತ್ತೆಗಲ್ಲ, ನಿನಗೆ. ರೋಗಿಯ ಚೀಲ ಕಟ್ಟುವವರು ತಮ್ಮ ಬಾಯಿಗೆಂದು ಏನನ್ನೂ ಇಟ್ಟುಕೊಳ್ಳುವುದಿಲ್ಲ.

ದಾಕ್ಷಾಯಣಮ್ಮ


ನರಸಿಂಹರಾಜಪುರ
೧೭ ಜೂನ್ ೨೦೦೫

ದಾಕ್ಷಾಯಣಮ್ಮನವರಿಗೆ,

ಅತ್ತೆಯ ರಕ್ತ ಪರೀಕ್ಷೆ ಸರಿ ಬರದೆ ನಮ್ಮ ಸರದಿ ಮುಂದಕ್ಕೆ ಹೋಗಿ ಜೂನ್ ಎರಡನೆಯ ವಾರಕ್ಕೇ ಬಿತ್ತು. ನಿಮ್ಮನ್ನು ನೋಡಬಹುದು ಎಂದು ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಕೊಬ್ಬರಿ ಮಿಠಾಯಿ ಮಾಡಿಕೊಂಡು ಹೋಗಿದ್ದೆ. ಎರಡು ದಿನ ಗಂಡಸರ ವಾರ್ಡಿನ ಬಾಗಿಲಲ್ಲಿ ಕಾದೆ. ಕೊನೆಗೆ ಒಬ್ಬರು ಸಿಸ್ಟರನ್ನು ಕೇಳಿದೆ.

"ಶೃಂಗೇರಿಯ ತ್ರ್ಯಂಬಕ ಅವರಾ? ಏಪ್ರಿಲಿನಲ್ಲೇ ಹೋದರಲ್ಲ. ಆ ಅಮ್ಮ ನಿಮಗೆ ಹೇಳಲಿಲ್ವಾ?" ಎಂದರು.

ಹೇಳಲಿಲ್ಲ. ವಿಳಾಸದಿಂದ 'ಸೌ' ತೆಗೆಯಲು ಹೇಳಿದಿರಿ, ನಾನು ದಡ್ಡಿ, ತೆಗೆದೆ. ರೇನ್‌ಕೋಟಿನ ಬಗ್ಗೆ ಬರೆದಿರಿ. 'ಇದ್ದ ಹಾಗೇ ಇದ್ದಾರೆ' ಎಂದು ಬರೆದಿರಿ. ನನ್ನ ಅಳುವನ್ನೆಲ್ಲ ನಿಮ್ಮ ಮೇಲೆ ಸುರಿದೆನಲ್ಲ, ಆಗ ನೀವು ಅಲ್ಲಿ ಒಬ್ಬರೇ ಕೂತು ಅದನ್ನು ಓದುತ್ತಿದ್ದಿರಿ. ನನಗೆ ನಾಚಿಕೆಯಾಗುತ್ತದೆ, ಸಿಟ್ಟೂ ಬರುತ್ತದೆ. ನನ್ನ ಹತ್ತಿರ ಹೇಳಬೇಕು ಎಂದು ನಿಮಗೆ ಅನಿಸಲೇ ಇಲ್ಲವೇ?

ಅತ್ತೆಗೆ ನಾನು ಇನ್ನೂ ಹೇಳಿಲ್ಲ.

ಸಂಪದಾ


ಶೃಂಗೇರಿ
೪ ಜುಲೈ ೨೦೦೫

ಸಂಪದಾ,

ಸಿಟ್ಟು ಮಾಡಿದ್ದು ಸರಿ.

ಅವತ್ತು ಬೆಳಿಗ್ಗೆ ಚೆನ್ನಾಗಿಯೇ ಇದ್ದರು. ಗಂಜಿ ಕುಡಿದರು. ಮಧ್ಯಾಹ್ನ ಬಿಸಿನೀರು ತರಲು ನಾನು ಕ್ಯಾಂಟೀನಿಗೆ ಹೋದೆ. ಉದ್ದ ಸಾಲು ಇತ್ತು. ಬಿಟ್ಟು ಬರಬಹುದಿತ್ತು, ಬರಲಿಲ್ಲ, ನಿಂತೆ. ತಿರುಗಿ ಬರುವಷ್ಟರಲ್ಲಿ ಮಂಚದ ಸುತ್ತ ಪರದೆ ಎಳೆದಿದ್ದರು. ಹೊರಗೆ ನಿಂತುಕೊಂಡೆ. ಕೈಯಲ್ಲಿ ಬಿಸಿನೀರು ಇತ್ತು.

ಆಮೇಲೆ ಸಿಸ್ಟರು, "ಸಾಮಾನು ತಗೊಳ್ಳಿ ಅಮ್ಮ" ಎಂದರು. ಎಂದಿನ ಹಾಗೆ ಜೋಡಿಸಿದೆ. ಸೀರೆ ಮಡಚಿದೆ, ಬಟ್ಟಲು ತೊಳೆದು ಒರೆಸಿದೆ, ಅವರ ಅಂಗಿ, ಪಂಚೆ, ಕನ್ನಡಕ. ಯಾವುದೂ ಮರೆಯಲಿಲ್ಲ. ಆಂಬ್ಯುಲೆನ್ಸಿನಲ್ಲಿ ಘಟ್ಟ ಹತ್ತುವಾಗ ಚೀಲ ಮಡಿಲಲ್ಲಿತ್ತು. ಒಬ್ಬರು ಕಡಿಮೆಯಾಗಿದ್ದರೂ ಅದರ ಭಾರ ಅಷ್ಟೇ ಇತ್ತು. ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಿದ್ದೆ. ಬೇರೆ ಏನನ್ನೂ ಯೋಚಿಸಲಾಗಲಿಲ್ಲ.

ವೈಕುಂಠ ಸಮಾರಾಧನೆ ಮುಗಿಸಿ ನೆಂಟರೆಲ್ಲ ಹೊರಟ ಮೇಲೆ ನಿನಗೆ ತಿಳಿಸಬೇಕೆಂದು ಕೂತೆ. ನಿನ್ನ ಅತ್ತೆಗೂ ಅದೇ ಕಾಯಿಲೆ, ಅದೇ ಔಷಧಿ. ಹೇಗೆ ಬರೆಯಲಿ? ರೇನ್‌ಕೋಟಿನ ಬಗ್ಗೆ ಬರೆದೆ. ಆದರೆ ಅದೊಂದೇ ಕಾರಣವಲ್ಲ, ಇದನ್ನೂ ಹೇಳಿಬಿಡುತ್ತೇನೆ. ನೀನು ಪತ್ರ ಬರೆಯುತ್ತಿದ್ದುದು ಆಸ್ಪತ್ರೆಗೆ ಹೋಗಿಬರುವವಳಿಗೆ. ನಾನು ಎಲ್ಲಿಗೂ ಹೋಗುವವಳಲ್ಲ ಎಂದು ತಿಳಿದರೆ ನನ್ನನ್ನು ಕೇಳಲು ನಿನಗೆ ಏನು ಉಳಿಯುತ್ತದೆ ಎಂದುಕೊಂಡೆ. ಇಲ್ಲಿ ನನ್ನ ಹೆಸರಿಗೆ ಬರುವ ಪತ್ರ ನಿನ್ನದೊಂದೇ.

ಲಾಡ್ಜಿಗೆ ವರ್ಷವೂ ಬರುವ ಯಾತ್ರಿಗಳು, "ಮ್ಯಾನೇಜರು ಇಲ್ವಾ?" ಎನ್ನುತ್ತಾರೆ. "ಇಲ್ಲ" ಎನ್ನುತ್ತೇನೆ. ಎಲ್ಲೋ ಹೊರಗೆ ಹೋಗಿದ್ದಾರೆ ಎಂದುಕೊಂಡು ಅವರು ಬೀಗದ ಕೈ ತೆಗೆದುಕೊಳ್ಳುತ್ತಾರೆ. ನಾನೂ ಸುಮ್ಮನಾಗುತ್ತೇನೆ. ಹೊಸ ಮ್ಯಾನೇಜರ್ ರಘುಪತಿ ಎಂಬವರು ಬಂದಿದ್ದಾರೆ. ಒಳ್ಳೆಯ ಮನುಷ್ಯ. ಅವಸರವಿಲ್ಲ ಎನ್ನುತ್ತಾರೆ, ಆದರೆ ಹೆಂಡತಿ ಮಕ್ಕಳನ್ನು ಕರೆತರಬೇಕಲ್ಲ, ಅವರಿಗೆ ಈ ಕೋಣೆಗಳು ಬೇಕು.

ಅತ್ತೆಗೆ ಹೇಳುವುದು ಬಿಡುವುದು ನಿನಗೆ ಸೇರಿದ್ದು.

ದಾಕ್ಷಾಯಣಮ್ಮ


ನರಸಿಂಹರಾಜಪುರ
೧೨ ಜುಲೈ ೨೦೦೫

ದಾಕ್ಷಾಯಣಮ್ಮನವರಿಗೆ ತುಂಗಮ್ಮ ಮಾಡುವ ನಮಸ್ಕಾರ.

ನಾನು ಸಂಪದಾಳ ಅತ್ತೆ. ಕೈ ನಡುಗುತ್ತದೆ, ಆದರೂ ನಾನೇ ಬರೆಯುತ್ತೇನೆ ಎಂದೆ. ನಿಮ್ಮ ಪತ್ರ ಬಂದಾಗ ಈ ಹುಡುಗಿ ಅಡುಗೆಮನೆಯಲ್ಲಿ ಅಳುತ್ತಿದ್ದಳು. ಕೇಳಿದೆ, ಎಲ್ಲ ಹೇಳಿದಳು. ನಾನು ಹೆದರಲಿಲ್ಲ. ಹೆದರುತ್ತೇನೆಂದು ನೀವಿಬ್ಬರೂ ಯಾಕೆ ಅಂದುಕೊಂಡಿರೋ. ನನಗೆ ಇನ್ನು ಒಂದೇ ಸರದಿ ಬಾಕಿ. ಆದಷ್ಟು ಆಗಲಿ.

ನಿಮಗೆ ಹೋಗಲು ಬೇರೆ ಕಡೆ ಇಲ್ಲದಿದ್ದರೆ ಇಲ್ಲಿಗೆ ಬನ್ನಿ. ಇರಿ. ಇವಳ ಹತ್ತಿರ ಕೇಳಿಯೇ ಬರೆಯುತ್ತಿದ್ದೇನೆ, ಯಜ್ಞೇಶನಿಗೂ ಹೇಳಿದ್ದೇನೆ. ನನ್ನ ವಯಸ್ಸಿನವರು ಒಬ್ಬರು ಮಾತಿಗೆ ಬೇಕು.

ತುಂಗಮ್ಮ

(ದಾಕ್ಷಾಯಣಮ್ಮ, ಕೇಳಲು ನನಗೆ ಏನೂ ಉಳಿದಿಲ್ಲದಿದ್ದರೂ ಬರೆಯುತ್ತೇನೆ. ನೀವೂ ಬರೆಯಿರಿ. — ಸಂಪದಾ)


ಬಾಳಗಡಿ, ಕೊಪ್ಪ
೧ ಆಗಸ್ಟ್ ೨೦೦೫

ಪ್ರೀತಿಯ ಸಂಪದಾಳಿಗೆ, ತುಂಗಮ್ಮನವರಿಗೆ,

ನಿಮ್ಮ ಮಾತನ್ನು ನಾನು ಮರೆಯುವುದಿಲ್ಲ. ಆದರೆ ಬಂದು ನೆಲೆಸಲು ಮನಸ್ಸು ಒಪ್ಪಲಿಲ್ಲ. ಇಲ್ಲಿ ಬಾಳಗಡಿಯಲ್ಲಿ ಸುಮಿತ್ರಮ್ಮ ಎಂಬವರು ಕಾಲೇಜು ಹುಡುಗಿಯರಿಗೆ ಕೋಣೆ ಕೊಟ್ಟು ಊಟ ಹಾಕುತ್ತಾರೆ. ಅವರಿಗೆ ಅಡುಗೆಗೂ ಮನೆ ನೋಡಿಕೊಳ್ಳಲೂ ಒಬ್ಬರು ಬೇಕಿತ್ತು. ಹಿತ್ತಲ ಕಡೆಯ ಕೋಣೆ ಕೊಟ್ಟಿದ್ದಾರೆ. ಸಂಜೆ ಹುಡುಗಿಯರು ಬರುವವರೆಗೆ ಮನೆ ನಿಶ್ಶಬ್ದ. ಆ ಹೊತ್ತು ಕಳೆಯುವುದು ಇನ್ನೂ ಅಭ್ಯಾಸವಾಗಿಲ್ಲ.

ಶೃಂಗೇರಿಯಿಂದ ಬರುವಾಗ ಪಾತ್ರೆ ಪೆಟ್ಟಿಗೆಯನ್ನೆಲ್ಲ ರಘುಪತಿಯವರು ಗಾಡಿಯಲ್ಲಿ ಮೊದಲೇ ಕಳಿಸಿದ್ದರು. ನಾನು ಬಸ್ಸಿನಲ್ಲಿ ಬಂದೆ. ಜೊತೆಗೆ ಯಾರೂ ಇಲ್ಲದೆ ನಾನು ಬಸ್ಸು ಹತ್ತಿದ್ದು ನನ್ನ ಬುದ್ಧಿ ತಿಳಿದಾಗಿನಿಂದ ಅದೇ ಮೊದಲು. ಕಿಟಕಿಯ ಪಕ್ಕದ ಸೀಟು ಖಾಲಿ ಇತ್ತು. ನಾನು ಈಚೆ ಕೂತೆ. ಕಂಡಕ್ಟರ್ ಬಂದು "ಎಲ್ಲಿಗಮ್ಮ?" ಎಂದ. "ಎರಡು ಕೊಪ್ಪ" ಎಂದೆ. ಅವನು ಎರಡು ಟಿಕೆಟ್ ಹರಿದು ಕೈಯಲ್ಲಿಟ್ಟು ಮುಂದಕ್ಕೆ ಹೋದ. ಆಮೇಲೆ ನನಗೆ ತಿಳಿಯಿತು. ಕರೆದು ಹೇಳಬಹುದಿತ್ತು, ಕರೆಯಲಿಲ್ಲ. ಹಾಗೆಯೇ ಹಿಡಿದುಕೊಂಡು ಕೂತೆ. ಹೊರಗೆ ಮಳೆ ಬರುತ್ತಿತ್ತು, ಕಿಟಕಿಯ ಟಾರ್ಪಾಲು ಇಳಿಸಿದ್ದರು. ನೋಡಲು ಏನೂ ಇರಲಿಲ್ಲ.

ಹರಿಹರಪುರದಲ್ಲಿ ಬಸ್ಸು ತುಂಬಿತು. ಎರಡು ಮೂರು ಜನ ಬಂದು ಆ ಸೀಟನ್ನು ನೋಡಿ, ನನ್ನ ಮುಖ ನೋಡಿ, ಹಿಂದೆ ಹೋದರು. ನಾನು ಜರುಗಲಿಲ್ಲ. ಕೊನೆಗೆ ಮೈಯೆಲ್ಲ ನೆನೆದಿದ್ದ ಒಬ್ಬಳು ಹೆಂಗಸು ಕಂಬ ಹಿಡಿದು ನಿಂತು ಕೇಳಿದಳು.

"ಅಮ್ಮಾ, ಇಲ್ಲಿ ಯಾರಾದ್ರೂ ಇದಾರಾ?"

ಬಸ್ಸು ಹೊರಟಿತ್ತು. ಅವಳು ಇನ್ನೊಮ್ಮೆ ಕೇಳಿದಳು.

"ಇಲ್ಲ. ಅವರು ತೀರಿಹೋದರು. ನೀ ಕೂತ್ಕೋ" ಎಂದೆ.

ಪಾಪ, ಅವಳಿಗೆ ಏನು ಅರ್ಥವಾಯಿತೋ! ಒದ್ದೆ ಸೆರಗನ್ನು ಹಿಂಡಿಕೊಂಡು ಮೆಲ್ಲಗೆ ಒಳಗೆ ಜರುಗಿ ಕೂತಳು. ಕೊಪ್ಪ ಬರುವವರೆಗೂ ಅವಳ ಹೆಗಲು ನನ್ನ ಹೆಗಲಿಗೆ ತಾಗುತ್ತಿತ್ತು.

ಇತಿ, ನಿಮ್ಮ
ದಾಕ್ಷಾಯಣಮ್ಮ